ಒಹಾಯೋದಲ್ಲಿ ಜಿಂಕೆ ಬೇಟೆ: ಮಜಲ್‌ಲೋಡರ್ ತಗೊಳ್ಳಲಾ, ಶಾಟ್‌ಗನ್ ಸಾಕಾ?

ಪ್ರಶ್ನೆ: ನಾನು ಒಹಾಯೋದ ಡಬ್ಲಿನ್‌ನಲ್ಲಿದ್ದೇನೆ. ಎಚ್-1ಬಿ ವೀಸಾ. ಊರು ಕೊಪ್ಪದ ಕಡೆ. ಅಜ್ಜನ ಹತ್ತಿರ ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು. ನಾನು ಹಿಡಿದು ನೋಡಿದ್ದಷ್ಟೇ, ಈಡು ಹೊಡೆದವನಲ್ಲ. ಇಲ್ಲಿ ನನ್ನ ಸಹೋದ್ಯೋಗಿಯೊಬ್ಬರಿಗೆ ಊರಾಚೆ ಜಮೀನಿದೆ. ಅರ್ಧ ಮೆಕ್ಕೆಜೋಳ, ಅರ್ಧ ಕಾಡು, ನಡುವೆ ಒಂದು ಹಳ್ಳ. ಈ ವರ್ಷ ಜಿಂಕೆ ಬೇಟೆಗೆ ಬಾ ಎಂದು ಕರೆದಿದ್ದಾರೆ. ತಮ್ಮ 12 ಗೇಜ್ ಪಂಪ್ ಶಾಟ್‌ಗನ್ ಕೊಡುತ್ತೇನೆ ಎನ್ನುತ್ತಾರೆ. ಅವರ ತಮ್ಮ ಮಾತ್ರ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಮಜಲ್‌ಲೋಡರ್ ತಗೋ ಎನ್ನುತ್ತಾರೆ. ಐನೂರು ಡಾಲರ್ ತನಕ ಖರ್ಚು ಮಾಡಬಲ್ಲೆ. ಯಾವುದು ಸರಿ? ಶಾಟ್‌ಗನ್ನಿಗೆ ಚರೆ ತೋಟಾ ಹಾಕಬಹುದಾ? ಹಳೆ ಮಜಲ್‌ಲೋಡರ್ ಸಿಕ್ಕರೆ ಕೊಳ್ಳಬಹುದಾ?

ಉತ್ತರ: ನಿಮ್ಮ ಮಟ್ಟಿಗೆ ಮಜಲ್‌ಲೋಡರ್. .50 ಕ್ಯಾಲಿಬರಿನ ಇನ್‌ಲೈನ್ ಒಂದನ್ನು ತಗೊಳ್ಳಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಇನ್ನೊಂದು ಮಾತಿದೆ: ಬೇಟೆ ಲೈಸೆನ್ಸ್ ಕೈಗೆ ಬರುವ ತನಕ ಸಹೋದ್ಯೋಗಿಯ ಆ 12 ಗೇಜ್ ಮುಟ್ಟಬೇಡಿ.

ಇದನ್ನು ನಮ್ಮವರಿಗೆ ಯಾರೂ ಹೇಳುವುದಿಲ್ಲ. ಎಚ್-1ಬಿ, ಎಲ್-1, ಎಫ್-1 ಥರದ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ ಎನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಅದಕ್ಕೆ ಕೆಲವು ವಿನಾಯಿತಿಗಳಿವೆ. ನಿಮಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರಬೇಕು. 'ಹೊಂದುವುದು' ಎಂದರೆ ಕೊಳ್ಳುವುದು ಮಾತ್ರ ಅಲ್ಲ. ರೇಂಜಿಗೆ ಹೋಗಿ ಗೆಳೆಯನ ಬಂದೂಕಿನಲ್ಲಿ ಸುಮ್ನೆ ನಾಲ್ಕು ಈಡು ಹೊಡೆದರೂ ಅದು ಹೊಂದಿದ ಲೆಕ್ಕವೇ. ನಾಳೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ಇಂಥದ್ದೊಂದು ತಲೆ ಎತ್ತಿದರೆ ಕಷ್ಟ. ಹಾಗಾಗಿ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಒಹಾಯೋ ಲೈಸೆನ್ಸ್ ಮಾಡಿಸಿ, ಅದರ ಮೇಲೆ ಜಿಂಕೆಯ ಪರ್ಮಿಟ್ ಬೇರೆ ತಗೊಳ್ಳಿ. ಒಹಾಯೋಗೆ ಬಂದು ಆರು ತಿಂಗಳಾಗಿದ್ದರೆ ಸ್ಥಳೀಯರ ದರ ಸಿಗುತ್ತದೆ. ಜಮೀನು ಸ್ನೇಹಿತರದ್ದೇ ಆದರೂ ಅವರಿಂದ ಬರಹದಲ್ಲಿ ಅನುಮತಿ ಬೇಕು. ಬಾಯಿಮಾತು ನಡೆಯುವುದಿಲ್ಲ. ಅನುಮಾನ ಇದ್ದರೆ ನಿಮ್ಮ ವಲಸೆ ವಕೀಲರಿಗೆ ಒಂದು ಇಮೇಲ್ ಹಾಕಿ ಕೇಳಿ.

ಮಜಲ್‌ಲೋಡರ್ ವಿಷಯದಲ್ಲಿ ಒಂದು ವಿಚಿತ್ರ ಇದೆ. 1968ರ ಗನ್ ಕಂಟ್ರೋಲ್ ಕಾಯ್ದೆಯ ಲೆಕ್ಕದಲ್ಲಿ ಬಾಯಿಯಿಂದ ಕಪ್ಪು ಮದ್ದು ತುಂಬುವ, ತೋಟಾ ಹಾಕಲು ಬಾರದ ಕೋವಿ 'ಪುರಾತನ' ವರ್ಗಕ್ಕೆ ಸೇರುತ್ತದೆ. ಮೊನ್ನೆ ಫ್ಯಾಕ್ಟರಿಯಿಂದ ಬಂದಿದ್ದರೂ ಅಷ್ಟೇ! ಅದಕ್ಕೇ ಹಲವು ಕಡೆ ಅದನ್ನು ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಬಹುದು. ಆದರೆ ಬ್ಯಾರೆಲ್ ಬದಲಿಸಿ ಮಾಮೂಲಿ ರೈಫಲ್ ಮಾಡಿಕೊಳ್ಳಬಹುದಾದ ಮಾದರಿಗಳಿಗೆ ಈ ರಿಯಾಯಿತಿ ಇಲ್ಲ. ರಾಜ್ಯದಿಂದ ರಾಜ್ಯಕ್ಕೂ ನಿಯಮ ಬೇರೆ. ನ್ಯೂಜೆರ್ಸಿಯಲ್ಲಿರುವ ನಮ್ಮವರು ಇದನ್ನು ಓದಿ ನೇರ ಆರ್ಡರ್ ಮಾಡಬೇಡಿ, ಅಲ್ಲಿ ಬಂದೂಕು ಕೊಳ್ಳುವವರ ಗುರುತಿನ ಕಾರ್ಡು ಬೇಕು. ನೀವೂ ಈ ರಿಯಾಯಿತಿಯನ್ನು ನಂಬಿ ಕೂರಬೇಡಿ. ಲೈಸೆನ್ಸ್ ಮೊದಲು, ಕೋವಿ ಆಮೇಲೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ.

ನಾನು ಮೊದಲು ನೋಡುವುದು ಕ್ಯಾಲೆಂಡರ್. ಒಹಾಯೋದ ಗನ್ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಶುರುವಾಗಿ ಏಳು ದಿನ ಇರುತ್ತದೆ. ಡಿಸೆಂಬರ್‌ನಲ್ಲಿ ಇನ್ನೊಂದು ವೀಕೆಂಡ್ ಸಿಗುತ್ತದೆ. ಆಮೇಲೆ ಜನವರಿಯ ಮೊದಲ ಭಾಗದಲ್ಲಿ ನಾಲ್ಕು ದಿನ ಮಜಲ್‌ಲೋಡರ್ ಸೀಸನ್. ಆ ನಾಲ್ಕು ದಿನ ಶಾಟ್‌ಗನ್ ತರುವಂತಿಲ್ಲ. ಗನ್ ಸೀಸನ್‌ನಲ್ಲಾದರೆ ಮಜಲ್‌ಲೋಡರ್ ಧಾರಾಳವಾಗಿ ನಡೆಯುತ್ತದೆ. ಅಂದರೆ ಒಂದು ಕೋವಿಯಲ್ಲಿ ಎರಡೂ ಕಡೆ ಕೂರಬಹುದು. ಇನ್ನೊಂದರಲ್ಲಿ ಒಂದೇ ಕಡೆ. ವರ್ಷಕ್ಕೆ ಇಷ್ಟೇ ರಜೆ ಎಂದು ಎಣಿಸಿಕೊಂಡು ಬದುಕುವ ಐಟಿ ಮಂದಿಗೆ ಇದು ಸಣ್ಣ ವಿಷಯ ಅಲ್ಲ. ಜನವರಿಯಲ್ಲಿ ಕಾಡಿನಲ್ಲಿ ಜನ ಕಡಿಮೆ. ಎಲೆ ಉದುರಿರುತ್ತದೆ, ಹಿಮ ಬಿದ್ದಿದ್ದರೆ ಹೆಜ್ಜೆ ಕಾಣುತ್ತದೆ, ಹಸಿದ ಜಿಂಕೆ ಹಗಲಲ್ಲೇ ಜೋಳದ ಕೂಳೆಗೆ ಬರುತ್ತದೆ. ಗನ್ ಸೀಸನ್‌ನ ಮೊದಲ ದಿನ ಹಾಗಲ್ಲ. ಎಲ್ಲಾ ಕಡೆಯಿಂದ ಢಂ ಢಂ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಜಮೀನಿನವರು ಗುಂಪು ಕಟ್ಟಿಕೊಂಡು ಕಾಡು ನುಗ್ಗಿ ಜಿಂಕೆ ಎಬ್ಬಿಸುತ್ತಾರೆ. ಹೊಸಬರು ಕಲಿಯುವುದಕ್ಕೆ ಅದು ಒಳ್ಳೆಯ ದಿನ ಅಲ್ಲ.

ಮಸಾಚುಸೆಟ್ಸ್‌ನಲ್ಲೂ ಲೆಕ್ಕ ಹೀಗೇ ಇದೆ: ಥ್ಯಾಂಕ್ಸ್‌ಗಿವಿಂಗ್ ನಂತರ ಎರಡು ವಾರ ಶಾಟ್‌ಗನ್, ಆಮೇಲೆ ಡಿಸೆಂಬರ್ 31ರ ತನಕ ಮಜಲ್‌ಲೋಡರ್. ಪೆನ್ಸಿಲ್ವೇನಿಯಾದವರದು ಇನ್ನೂ ಮಜಾ. ಕ್ರಿಸ್‌ಮಸ್ ಮರುದಿನದಿಂದ ಚಕಮಕಿ ಕಲ್ಲಿನ ಫ್ಲಿಂಟ್‌ಲಾಕ್ ಮಾತ್ರ. ಕಿಡಿ ಕೊಡುವ ಕೇಪು ಕೂಡ ಇಲ್ಲ.

ಅಜ್ಜನ ಕೋವಿ ನೆನೆಸಿಕೊಂಡು ಇದೇನೋ ಓಬೀರಾಯನ ಕಾಲದ ಸಾಮಾನು ಎಂದುಕೊಳ್ಳಬೇಡಿ. 1985ರಲ್ಲಿ ಮಿಸ್ಸೂರಿಯ ಟೋನಿ ನೈಟ್ ಎಂಬವರು ಎಂಕೆ-85 ಎಂಬ ಕೋವಿ ತಂದರು. ಕೇಪು ಪಕ್ಕದಲ್ಲಿ ಕೂರುವ ಬದಲು ನೇರವಾಗಿ ಮದ್ದಿನ ಹಿಂದೆ ಕೂತಿತು. ಅದರಿಂದಲೇ ಇನ್‌ಲೈನ್ ಎಂಬ ಹೆಸರು. ಇವತ್ತಿನ ಇನ್‌ಲೈನ್‌ಗಳು ಶಾಟ್‌ಗನ್ ತೋಟಾಕ್ಕೆ ಕಿಡಿ ಕೊಡುವ 209 ಪ್ರೈಮರನ್ನೇ ಕೇಪಿನ ಜಾಗದಲ್ಲಿ ಬಳಸುತ್ತವೆ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ತಿರುಪಿನ ಗೀರು ಇರುತ್ತದೆ, ಮೇಲೆ ಸ್ಕೋಪ್ ಕೂರುತ್ತದೆ. ಗುಂಡು ನೇರವಾಗಿ ಒಳಗೆ ಹೋಗುವುದಿಲ್ಲ, ಸ್ಯಾಬೋ ಎಂಬ ಪ್ಲಾಸ್ಟಿಕ್ ಬಟ್ಟಲಲ್ಲಿ ಕೂತು ಹೋಗುತ್ತದೆ. 100 ಗ್ರೇನ್ ಮದ್ದು, 250 ಗ್ರೇನ್ ಗುಂಡು (ಹದಿನೈದು ಗ್ರೇನ್ ಅಂದರೆ ಸುಮಾರು ಒಂದು ಗ್ರಾಂ) ಎಂದರೆ ನಳಿಗೆಯ ಬಾಯಿ ದಾಟುವಾಗ ಸೆಕೆಂಡಿಗೆ ಹೆಚ್ಚುಕಮ್ಮಿ 1,800–1,900 ಅಡಿ ವೇಗ. 100 ಗಜಕ್ಕೆ ಗುರಿ ಕೂರಿಸಿದರೆ 150 ಗಜದಲ್ಲಿ ಐದಾರು ಇಂಚು ಕೆಳಗೆ ಬೀಳುತ್ತದೆ. 200ಕ್ಕೆ ಹೋದರೆ ಒಂದೂಕಾಲು ಅಡಿಗೂ ಜಾಸ್ತಿ. ಜಾಹೀರಾತಿನಲ್ಲಿ 300 ಗಜ ಎಂದೆಲ್ಲಾ ಬರೆದಿರುತ್ತಾರೆ. ನಿಮಗೆ 100 ಗಜ ಸಾಕು. ಹಳ್ಳದ ಬದಿಯ ಕಾಡಿನಲ್ಲಿ ಅಷ್ಟು ದೂರ ಕಾಣುವುದೂ ಇಲ್ಲ.

ಸಹೋದ್ಯೋಗಿಯ ಶಾಟ್‌ಗನ್ ಯಾವ ನಳಿಗೆಯದು ಎಂದು ನೀವು ಬರೆದಿಲ್ಲ. ಇಡೀ ವಿಷಯ ನಿಂತಿರುವುದೇ ಅದರ ಮೇಲೆ. ಮಾಮೂಲಿ ನುಣುಪು ನಳಿಗೆ, ತುದಿಯಲ್ಲೊಂದು ಮಣಿ, ಬೇರೆ ಗುರಿ ಇಲ್ಲ ಎಂದಾದರೆ ಅದು 50 ಗಜದ ಕೋವಿ. ಕೈ ಪಳಗಿದವರಿಗೆ 75. ಅದಕ್ಕೆ ಹಾಕುವುದು ಫಾಸ್ಟರ್ ಸ್ಲಗ್. 12 ಗೇಜಿನಲ್ಲಿ ಒಂದು ಔನ್ಸಿನ ಸೀಸದ ಗುಂಡು, ಅಂದರೆ 437 ಗ್ರೇನ್. ಅದರ ಮೈಮೇಲೆ ಓರೆ ಗೀರುಗಳಿರುತ್ತವಲ್ಲ, ಅವು ಗುಂಡನ್ನು ತಿರುಗಿಸುವುದಕ್ಕೆ ಎಂದು ಇಲ್ಲೂ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. ಚೋಕ್, ಅಂದರೆ ನಳಿಗೆಯ ತುದಿಯ ಇರುಕು, ದಾಟುವಾಗ ಸೀಸ ಅದುಮಿಕೊಳ್ಳಲು ಜಾಗ ಇರಲಿ ಎಂದು ಆ ಗೀರು. ಗುಂಡಿನ ಮುಂಭಾಗ ಭಾರ, ಹಿಂಭಾಗ ಟೊಳ್ಳು, ಆದ್ದರಿಂದ ನೇರವಾಗಿ ಹೋಗುತ್ತದೆ. ತುಂಬ ಬಿಗಿಯಾದ ಫುಲ್ ಚೋಕ್ ಬೇಡ, ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್ ಚೋಕ್ ಹಾಕಿ. 50 ಗಜಕ್ಕೆ ಗುರಿ ಕೂರಿಸಿದರೆ 100ರಲ್ಲಿ ಐದಾರು ಇಂಚು ಇಳಿದಿರುತ್ತದೆ, ಚದುರುವುದು ಬೇರೆ.

ಗೀರು ನಳಿಗೆ ಹಾಕಿ ಸ್ಯಾಬೋ ಸ್ಲಗ್ ಹೊಡೆದರೆ ಕತೆಯೇ ಬೇರೆ. 125, 150 ಗಜದ ತನಕ ನಂಬಬಹುದು. ಹಳೆಯ ಪಂಪ್‌ಗಳಿಗೆ, ಉದಾಹರಣೆಗೆ ರೆಮಿಂಗ್ಟನ್ 870 ಅಥವಾ ಮಾಸ್‌ಬರ್ಗ್ 500ಕ್ಕೆ, ಗೀರು ನಳಿಗೆ ಬಿಡಿಯಾಗಿ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ದುಬಾರಿ ಸ್ಯಾಬೋ ಸ್ಲಗ್ ತಂದು ನುಣುಪು ನಳಿಗೆಗೆ ಹಾಕಬೇಡಿ. ತಿರುಗದ ಸ್ಯಾಬೋ ಎತ್ತ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಗೀರು ನಳಿಗೆಗೆ ಫಾಸ್ಟರ್ ಹಾಕಿದರೆ ಅಪಾಯ ಏನಿಲ್ಲ, ಆದರೆ ನಾಲ್ಕೇ ಈಡಿಗೆ ಗೀರಿನ ತುಂಬ ಸೀಸ ಮೆತ್ತಿಕೊಳ್ಳುತ್ತದೆ.

ಆಮೇಲೆ ಒದೆತ. 12 ಗೇಜ್ ಸ್ಲಗ್‌ನ ಒದೆತ ದೊಡ್ಡ ಬೇಟೆಗೆ ಬಳಸುವ .30-06 ರೈಫಲ್‌ಗಿಂತ ಜೋರು. ತರಗತಿಯಲ್ಲಿ ಹೊಸಬರಿಗೆ ಹೇಳಿಕೊಡುವಾಗ ಇದನ್ನು ಪದೇ ಪದೇ ನೋಡುತ್ತೇನೆ. ಮೊದಲನೇ ಸ್ಲಗ್ ಚೆನ್ನಾಗಿ ಹೊಡೆಯುತ್ತಾರೆ. ಎರಡನೆಯದಕ್ಕೆ ಕೆನ್ನೆ ಹಿಡಿಯಿಂದ ಸ್ವಲ್ಪ ಮೇಲೆದ್ದಿರುತ್ತದೆ. ಮೂರನೆಯದಕ್ಕೆ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿರುತ್ತದೆ, ಗುಂಡು ಬೋರ್ಡಿನ ಕೆಳಗೆ ಮಣ್ಣಿಗೆ. ಆಮೇಲೆ ಎಷ್ಟು ಹೊಡೆದರೂ ಕಲಿಯುವುದು ಬೆದರುವುದನ್ನೇ. ಮಜಲ್‌ಲೋಡರ್‌ನಲ್ಲಾದರೆ ಮದ್ದು ಅಳೆಯುವವರು ನೀವೇ. 70 ಗ್ರೇನಿನಿಂದ ಶುರು ಮಾಡಿ, ಭುಜ ಒಗ್ಗಿದ ಮೇಲೆ 90, 100ಕ್ಕೆ ಹೋಗಿ. ಕೆಲವರು 150 ಗ್ರೇನ್ ತುಂಬಿ ಬೀಗುತ್ತಾರೆ. 100 ಗಜದ ಜಿಂಕೆಗೆ ಅದು ಸುಮ್ನೆ ಮದ್ದು ಸುಡುವ ಚಟ. ಶಾಟ್‌ಗನ್ನೇ ಬೇಕು ಎಂದು ನಿಮಗೆ ಅನ್ನಿಸಿದರೆ 20 ಗೇಜ್ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣ), ಗೀರು ನಳಿಗೆ, ಸ್ಕೋಪ್ ನೋಡಿ. ಅದು ಜಿಂಕೆಗೆ ಧಾರಾಳ ಸಾಕು, 12ರ ಹುಚ್ಚು ಬೇಡ.

"ಶಾಟ್‌ಗನ್‌ನಲ್ಲಿ ಮೂರು ಈಡು ಇರುತ್ತದಲ್ಲ?" ಎಂದು ನಿಮ್ಮ ಸಹೋದ್ಯೋಗಿ ಹೇಳಿಯೇ ಹೇಳುತ್ತಾರೆ. ನಿಜ, ಒಹಾಯೋದಲ್ಲಿ ಜಿಂಕೆಗೆ ಮೂರು ತೋಟಾಕ್ಕಿಂತ ಹೆಚ್ಚು ತುಂಬದಂತೆ ಬಿರಡೆ ಹಾಕಿರಬೇಕು, ಮೂರು ಮಾತ್ರ ಸಿಗುತ್ತವೆ. ಗಾಯಗೊಂಡ ಜಿಂಕೆ ಇನ್ನೂ ನಿಂತೇ ಇದ್ದರೆ ಆ ಎರಡನೇ ತೋಟಾದ ಬೆಲೆ ದೊಡ್ಡದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಸಬರು ಮೂರು ಇವೆ ಎಂಬ ಧೈರ್ಯದಲ್ಲೇ ಮೊದಲನೆಯದನ್ನು ಅವಸರದಲ್ಲಿ ಹೊಡೆಯುತ್ತಾರೆ. ಓಡುವ ಜಿಂಕೆಯ ಹಿಂದೆ ಉಳಿದೆರಡನ್ನೂ ಖಾಲಿ ಮಾಡುತ್ತಾರೆ. ಬಿಳಿಬಾಲದ ಜಿಂಕೆ ನಮ್ಮ ಚುಕ್ಕೆ ಜಿಂಕೆಗಿಂತ ಮೈಯಲ್ಲಿ ದೊಡ್ಡದು, ಕಡವೆಗಿಂತ ತುಂಬ ಚಿಕ್ಕದು. ಮುಂಗಾಲಿನ ಹಿಂದೆ ಶ್ವಾಸಕೋಶ ಇರುವ ಜಾಗ ಎಂಟು ಇಂಚು ಅಗಲ ಎಂದಿಟ್ಟುಕೊಳ್ಳಿ. ಅಷ್ಟೇ ಅಗಲದ ಒಂದು ತಟ್ಟೆ ಇಟ್ಟು, ಕೂತಲ್ಲಿಂದ, ಎಷ್ಟು ದೂರದಿಂದ ಐದಕ್ಕೆ ಐದೂ ಅದರೊಳಗೆ ಬೀಳುತ್ತವೋ ಅದೇ ನಿಮ್ಮ ದೂರ. ಅದು 60 ಗಜ ಆದರೆ 60 ಗಜ. 61ಕ್ಕೆ ಬಂದ ಜಿಂಕೆಯನ್ನು ನೋಡಿ, ಕಳಿಸಿಕೊಡಿ.

ಇನ್ನು ಮಜಲ್‌ಲೋಡರ್‌ನ ತಾಪತ್ರಯ. ಇದು ಶಿಸ್ತು ಬೇಡುವ ಕೋವಿ, ಅದನ್ನು ಮುಚ್ಚಿಡುವುದಿಲ್ಲ.

ಮದ್ದು ಯಾವುದು ಎಂಬುದು ಮೊದಲ ಪ್ರಶ್ನೆ. ಕಪ್ಪು ಮದ್ದು, ಇಲ್ಲವೇ ಅದರ ಬದಲಿ: ಪೈರೋಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209. ಮಾಮೂಲಿ ರೈಫಲ್ ತೋಟಾದ ಹೊಗೆರಹಿತ ಮದ್ದನ್ನು ಅಪ್ಪಿತಪ್ಪಿಯೂ ಹಾಕಬೇಡಿ. ನಳಿಗೆ ಸಿಡಿದು ಬೆರಳು, ಕಣ್ಣು ಹೋಗುತ್ತವೆ. ಬದಲಿ ಮದ್ದಿನ ಗ್ರೇನ್ ಲೆಕ್ಕ ತೂಕದ್ದಲ್ಲ, ಅಳತೆಯದ್ದು. ಅಳೆಯುವ ಕೊಳವೆಯಲ್ಲಿ 100ರ ಗೆರೆ ತನಕ ತುಂಬುವುದು ಎಂದರ್ಥ. ತಕ್ಕಡಿಯಲ್ಲಿ 100 ಗ್ರೇನ್ ತೂಗಿ ಹಾಕಿದರೆ ಕೆಲವು ಮದ್ದಿನಲ್ಲಿ ಮಿತಿ ಮೀರುತ್ತದೆ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಲೂ ಬಾರದು. ಒಳಗೆ ಒಂದು ಕಿಡಿ ಉಳಿದಿದ್ದರೆ ಇಡೀ ಡಬ್ಬಿ ಕೈಯಲ್ಲೇ ಹೊತ್ತಿಕೊಳ್ಳುತ್ತದೆ.

ತುಂಬುವುದು ಹೀಗೆ. ಪ್ರೈಮರ್ ಇಲ್ಲ ಎಂದು ಕಣ್ಣಾರೆ ನೋಡಿ. ನಳಿಗೆ ಬಾಯಿಯನ್ನು ಮುಖದಿಂದ ಆಚೆ ಹಿಡಿದು, ಅಳೆದ ಮದ್ದು ಸುರಿದು, ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಸ್ಯಾಬೋದಲ್ಲಿ ಗುಂಡು ಕೂರಿಸಿ, ಮೊದಲು ಗಿಡ್ಡ ಕಡ್ಡಿಯಿಂದ ಒಳಗೆ ತಳ್ಳಿ, ಆಮೇಲೆ ರಾಡ್‌ನಿಂದ ಒಂದೇ ಸಮನೆ ಕೆಳಗೆ ಒತ್ತಿ. ಮದ್ದಿಗೆ ತಾಗಿದಾಗ ಕೈಗೆ ಗೊತ್ತಾಗುತ್ತದೆ, ಮತ್ತೆ ಕುಟ್ಟುವುದು ಬೇಡ. ಆಗ ರಾಡ್ ನಳಿಗೆಯ ಬಾಯಿಗೆ ಸಮ ಇರುವಲ್ಲಿ ಟೇಪಿನಿಂದ ಒಂದು ಗುರುತು ಮಾಡಿ. ಖಾಲಿ ನಳಿಗೆಯಲ್ಲೂ ಇನ್ನೊಂದು ಗುರುತು. ಇಡೀ ಕೋವಿಯಲ್ಲಿ ಕಾಸು ಕೊಡದೆ ಸಿಗುವ ಸುರಕ್ಷತೆ ಎಂದರೆ ಈ ಎರಡು ಗೆರೆ. ಗುಂಡು ಪೂರ್ತಿ ಇಳಿದಿಲ್ಲ ಅಥವಾ ಒಂದರ ಮೇಲೊಂದು ಎರಡು ಸಲ ತುಂಬಿದ್ದೀರಿ ಎಂದು ಅವೇ ಹೇಳುತ್ತವೆ. ಎರಡು, ಮೂರು ಈಡಾದ ಮೇಲೆ ಗುಂಡು ಕೆಳಗೆ ಹೋಗದೆ ಮದ್ದಿನ ಹತ್ತಿರ ಬಿಗಿಯಾಗುತ್ತದೆ. ಟ್ರಿಪಲ್ ಸೆವೆನ್‌ನಲ್ಲಿ ಅಲ್ಲೊಂದು ಗಟ್ಟಿ ಉಂಗುರದಂತೆ ಕಿಟ್ಟ ಕಟ್ಟುತ್ತದೆ. ಒದ್ದೆ ಬಟ್ಟೆ ಒಂದು ಸಲ, ಒಣ ಬಟ್ಟೆ ಒಂದು ಸಲ ಓಡಿಸಿ, ಆಮೇಲೆ ತುಂಬಿ.

ಕುದುರೆ ಎಳೆದರೂ ಈಡು ಹಾರದಿದ್ದರೆ ಕೋವಿಯನ್ನು ಹಾಗೇ ಗುರಿಯತ್ತ ಹಿಡಿದಿರಿ. ಕನಿಷ್ಠ ಒಂದು ನಿಮಿಷ. ಮದ್ದು ಒಳಗೆ ನಿಧಾನಕ್ಕೆ ಹೊತ್ತಿಕೊಳ್ಳುತ್ತಿರಬಹುದು. ಬಗ್ಗಿ ನೋಡುವುದು, ಊದುವುದು ಎಲ್ಲ ಬೇಡವೇ ಬೇಡ.

ಜನವರಿಯಲ್ಲಿ ಮದ್ದಿನ ಶತ್ರು ತೇವ. ಚಳಿಯಿಂದ ಬಂದ ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತಂದರೆ ನಳಿಗೆಯೊಳಗೂ ಬೆವರುತ್ತದೆ, ಬೆಳಿಗ್ಗೆಗೆ ಮದ್ದು ಮುಗ್ಗು. ಕಾರಿನಲ್ಲಿ ಒಯ್ಯುವಾಗ ತುಂಬಿದ ಕೋವಿ ಕಾನೂನಿಗೆ ವಿರುದ್ಧ. ಪ್ರೈಮರ್ ತೆಗೆದಿದ್ದರೆ ಒಹಾಯೋದಲ್ಲಿ ಅದು ಖಾಲಿ ಕೋವಿ ಎನ್ನುವ ಲೆಕ್ಕ. ಆದರೂ ದಿನ ಮುಗಿದ ಮೇಲೆ ತುಂಬಿಟ್ಟುಕೊಳ್ಳಬೇಡಿ. ಸುರಕ್ಷಿತವಾದ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡಿ, ಇಲ್ಲವೇ ನಳಿಗೆಯ ಹಿಂತುದಿ ಮುಚ್ಚುವ ಬ್ರೀಚ್ ಪ್ಲಗ್ ಬಿಚ್ಚಿ ತಳ್ಳಿ ತೆಗೆಯಿರಿ.

ಮತ್ತೆ ತೊಳೆಯುವುದು. ಸುಟ್ಟ ಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಅವತ್ತಿನದು ಅವತ್ತೇ. ಪೈರೋಡೆಕ್ಸ್, ಟ್ರಿಪಲ್ ಸೆವೆನ್‌ಗೆ ಬಿಸಿನೀರು, ಪಾತ್ರೆ ಸೋಪು ಸಾಕು. ಬ್ಲ್ಯಾಕ್‌ಹಾರ್ನ್ 209ಕ್ಕೆ ಗನ್ ಸಾಲ್ವೆಂಟ್ ಬೇಕು, ಆದರೆ ಕಿಟ್ಟ ಕಡಿಮೆ, ತುಕ್ಕೂ ಕಡಿಮೆ. ಬೆಲೆ ಜಾಸ್ತಿ. ಅದಕ್ಕೆ ಹೊಂದುವ ಬ್ರೀಚ್ ಪ್ಲಗ್ ನಿಮ್ಮ ಕೋವಿಯಲ್ಲಿದೆಯಾ ಎಂದು ಕೊಳ್ಳುವಾಗಲೇ ಕೇಳಿ. ರಾತ್ರಿ ದಣಿದು ಬಂದು ಅರ್ಧ ಗಂಟೆ ಕೋವಿ ತಿಕ್ಕುವ ತಾಳ್ಮೆ ನಿಮಗಿಲ್ಲ ಎಂದು ಪ್ರಾಮಾಣಿಕವಾಗಿ ಅನ್ನಿಸಿದರೆ ನನ್ನ ಸಲಹೆ ಬದಲಾಗುತ್ತದೆ: ಶಾಟ್‌ಗನ್ ತಗೊಳ್ಳಿ. ತುಕ್ಕು ಹಿಡಿದ ಮಜಲ್‌ಲೋಡರ್‌ಗಿಂತ ಒರೆಸಿಟ್ಟ ಶಾಟ್‌ಗನ್ ಸಾವಿರ ಪಾಲು ಮೇಲು.

ನೀವು ಕೇಳದ ಮೂರನೆಯದೊಂದನ್ನೂ ಹೇಳಬೇಕು. ಒಹಾಯೋ 2014ರಿಂದ ನೆಟ್ಟಗಿನ ಗೋಡೆಯ, ಅಂದರೆ ಬಾಯಿಯ ಕಡೆ ಕುತ್ತಿಗೆಯಂತೆ ಸಣ್ಣಗಾಗದ, ತೋಟಾ ಇರುವ ರೈಫಲ್‌ಗಳನ್ನು ಜಿಂಕೆಗೆ ಬಿಟ್ಟಿದೆ. .350 ಲೆಜೆಂಡ್, .450 ಬುಶ್‌ಮಾಸ್ಟರ್ ಎಂದು ಅಂಗಡಿಯವರು ತೋರಿಸುತ್ತಾರೆ. .350ರಲ್ಲಿ ಒದೆತ ಕಡಿಮೆ, ಗುರಿ ನಿಖರ, ತೊಳೆಯುವ ಗೋಳಿಲ್ಲ. ಗನ್ ಸೀಸನ್ ಒಂದೇ ಸಾಕು ಎನ್ನುವವರಿಗೆ ಇವತ್ತು ಸ್ಲಗ್ ಶಾಟ್‌ಗನ್ ಕೊಳ್ಳಲು ಕಾರಣವೇ ಉಳಿದಿಲ್ಲ ಎಂದು ನನಗನ್ನಿಸುತ್ತದೆ. ಶಾಟ್‌ಗನ್ ಸುರಕ್ಷಿತ, ಗುಂಡು ದೂರ ಹೋಗುವುದಿಲ್ಲ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಪೆನ್ಸಿಲ್ವೇನಿಯಾ 2007ರಲ್ಲಿ ಮಾಡಿಸಿದ ಅಧ್ಯಯನ ನೋಡಿದರೆ, ಕೆಳಮಟ್ಟದಲ್ಲಿ ಹೊಡೆದ ಸ್ಲಗ್ ನೆಲಕ್ಕೆ ತಾಗಿ ಪುಟಿದು ಮುಂದೆ ಹೋಗುವುದು ರೈಫಲ್ ಗುಂಡಿಗಿಂತ ಕಡಿಮೆ ಏನಲ್ಲ. ಮರದ ಮೇಲೆ ಅಟ್ಟಣೆ ಕಟ್ಟಿ ಕೂತರೆ ಗುಂಡು ಕೆಳಮುಖವಾಗಿ ಮಣ್ಣಿಗೆ ಹೋಗುತ್ತದೆ, ಅದು ಒಳ್ಳೆಯದು. ಹತ್ತುವಾಗ ಕೋವಿ ಖಾಲಿ ಇರಲಿ, ಹಗ್ಗದಲ್ಲಿ ಎಳೆದುಕೊಳ್ಳಿ, ಇಡೀ ಮೈಗೆ ಹಾಕುವ ಸುರಕ್ಷತಾ ಹಾರ್ನೆಸ್ ಕಟ್ಟಿಕೊಳ್ಳಿ. ಕಿತ್ತಳೆ ಬಣ್ಣದ ವೆಸ್ಟ್ ಎರಡೂ ಸೀಸನ್‌ನಲ್ಲಿ ಕಡ್ಡಾಯ.

ಚರೆ ತೋಟಾ? ಒಹಾಯೋದಲ್ಲಿ ಜಿಂಕೆಗೆ ಇಲ್ಲ. ಒಂದು ನಳಿಗೆಗೆ ಒಂದೇ ಗುಂಡು ಅಥವಾ ಸ್ಲಗ್. ನ್ಯೂಜೆರ್ಸಿಯಲ್ಲಿ ಬಕ್‌ಶಾಟ್ ಬಿಡುತ್ತಾರೆ, ಅದನ್ನು ನೋಡಿ ಇಲ್ಲಿ ಮಾಡಬೇಡಿ.

ಹಳೆಯ ಇನ್‌ಲೈನ್ ಕೊಳ್ಳಬಹುದು, ಆದರೆ ನಳಿಗೆ ನೋಡದೆ ಬೇಡ. ಹೊಸದೇ ಐನೂರು ಡಾಲರ್ ಒಳಗೆ ಸ್ಕೋಪ್ ಸಮೇತ ಸಿಗುತ್ತದೆ, ಹಾಗಾಗಿ ನೂರು, ನೂರೈವತ್ತು ಉಳಿಸಲು ಹಳೆಯದರ ಹಿಂದೆ ಬೀಳುವ ಅಗತ್ಯ ಇಲ್ಲ. ಸಿಕ್ಕಿತು ಎಂದರೆ ಬ್ರೀಚ್ ಪ್ಲಗ್ ಬಿಚ್ಚಿಸಿ. ಬಿಚ್ಚಲು ಬರುವುದಿಲ್ಲ, ಅಂಟಿಕೊಂಡಿದೆ ಎಂದರೆ ಅಲ್ಲಿಗೇ ಬಿಡಿ, ಹಿಂದಿನವರು ತೊಳೆದೇ ಇಲ್ಲ. ಬಿಚ್ಚಿದರೆ ಬೆಳಕಿಗೆ ಹಿಡಿದು ನೋಡಿ, ಗೀರುಗಳ ನಡುವೆ ಗುಳಿ ಬಿದ್ದಿರಬಾರದು. ಇವೆಲ್ಲಕ್ಕೂ ಮೊದಲು, ಪ್ರೈಮರ್ ಇಲ್ಲ ಎಂದು ನೋಡಿಕೊಂಡು, ರಾಡ್‌ನ್ನು ನಳಿಗೆಯೊಳಗೆ ಬಿಟ್ಟು ಬಾಯಿಯ ಹತ್ತಿರ ಬೆರಳಿಟ್ಟು ಹಿಡಿಯಿರಿ. ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ನೋಡಿ. ರಾಡ್‌ನ ತುದಿ ಬ್ರೀಚ್ ತನಕ ಬರದೆ ಎರಡು ಇಂಚು ಮೊದಲೇ ನಿಂತರೆ ಒಳಗೆ ಹೋದ ವರ್ಷದ ಈಡು ಇನ್ನೂ ಕೂತಿದೆ. ಗರಾಜಿನ ಮೂಲೆಯಲ್ಲಿ ಹೀಗೆ ತುಂಬಿಯೇ ಉಳಿದ ಕೋವಿಗಳು ಅಪರೂಪ ಏನಲ್ಲ.